ಆ ಪಟ್ಟಿಯನ್ನು ತುಂಡು ಮಾಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಊರ ನಡುವೆ ರೈಲು ಓಡಾಟ ನಿಂತುಹೋದ ಮಾರ್ಗವೊಂದಿದೆ ಅಂದುಕೊಳ್ಳಿ. ತುಕ್ಕು ಹಿಡಿದ ಹಳಿ, ಜಲ್ಲಿಯ ಸಂದಿಯಲ್ಲಿ ಹುಲ್ಲು, ಅಲ್ಲಲ್ಲಿ ಕಸ. ತಕ್ಷಣ ಯಾರಾದರೂ ಹೇಳುತ್ತಾರೆ, ಸೈಟು ಮಾಡಿ ಮಾರಿಬಿಡಿ ಅಂತ. ದಯವಿಟ್ಟು ಬೇಡ. ಆ ಉದ್ದನೆಯ ನೆಲದ ಪಟ್ಟಿಯನ್ನು ತುಂಡು ಮಾಡಬೇಡಿ, ಜನ ನಡೆದಾಡುವ ಪಾರ್ಕಿಗೆ ಉಳಿಸಿ. ನಾನು ಹೇಳಲು ಬಂದಿರುವುದು ಇದೊಂದೇ.

ಕಿಕ್ಕಿರಿದ ಊರಿನಲ್ಲಿ ಎಲ್ಲೂ ಕಡಿಯದ, ಕಿಲೋಮೀಟರುಗಟ್ಟಲೆ ಉದ್ದದ ಜಾಗವನ್ನು ಇವತ್ತು ಕೊಳ್ಳಲು ಹೊರಟರೆ ಆಗುವ ಮಾತೇ ಅಲ್ಲ. ಇನ್ನೊಂದು, ರೈಲಿಗೆ ಕಡಿದಾದ ಏರು ಹತ್ತಲು ಬರುವುದಿಲ್ಲ. ಹಾಗಾಗಿ ಮಾರ್ಗವನ್ನು ಆದಷ್ಟು ಮಟ್ಟಸವಾಗಿಯೇ ಹಾಕಿರುತ್ತಾರೆ. ಮಂಡಿನೋವಿನವರಿಗೆ, ಗಾಲಿಕುರ್ಚಿಯವರಿಗೆ ಇದಕ್ಕಿಂತ ಸಲೀಸಾದ ದಾರಿ ಬೇಕೆ?

ನ್ಯೂಯಾರ್ಕಿನ ಹೈಲೈನ್ ಕತೆ ಹೇಳಲೇಬೇಕು, ಹಳೇ ರೈಲು ಮಾರ್ಗವೇ ನಡೆದಾಡುವ ಪಾರ್ಕ್ ಆದ ಕತೆ. ಅಲ್ಲಿ ಮೊದಲು ಸರಕು ರೈಲುಗಳು ರಸ್ತೆಯ ಮೇಲೇ ಓಡುತ್ತಿದ್ದವು. ಜನ ಸಿಕ್ಕಿ ಸತ್ತು ಸತ್ತು, ಆ ರಸ್ತೆಗೆ ಸಾವಿನ ರಸ್ತೆ ಅಂತಲೇ ಹೆಸರಾಯಿತು. ಎಚ್ಚರಿಸಲು ರೈಲಿನ ಮುಂದೆ ಕುದುರೆ ಸವಾರ ಹೋಗಬೇಕಿತ್ತು! ಕೊನೆಗೆ 1934ರಲ್ಲಿ ಕಬ್ಬಿಣದ ಕಂಬಗಳ ಮೇಲೆ ಹೊಸ ಮಾರ್ಗ ಎದ್ದಿತು. ಗಾಡಿ ನೇರ ಕಟ್ಟಡದೊಳಕ್ಕೇ ನುಗ್ಗಿ ಸರಕು ಇಳಿಸುತ್ತಿತ್ತು. ಆಮೇಲೆ ಲಾರಿಗಳ ಕಾಲ ಬಂತು. 1980ರಲ್ಲಿ ಕಡೆಯ ಗಾಡಿ ಹೋಯಿತು. ಅದರಲ್ಲಿದ್ದದ್ದು ಟರ್ಕಿ ಕೋಳಿ ಮಾಂಸ. ಮಾರ್ಗ ಪಾಳುಬಿತ್ತು, ಗಾಳಿ ತಂದ ಬೀಜಗಳು ಹಳಿಗಳ ನಡುವೆ ಮೊಳೆತು ಮೇಲೊಂದು ಹುಲ್ಲುಗಾವಲೇ ಆಯಿತು. ಕೆಡವಿ ಎಂದು ಒತ್ತಾಯ ಹೆಚ್ಚಿದಾಗ, 1999ರಲ್ಲಿ ಅದೇ ಬಡಾವಣೆಯ ಜೋಶುವಾ ಡೇವಿಡ್, ರಾಬರ್ಟ್ ಹ್ಯಾಮಂಡ್ ಸೇರಿ ಸಂಘ ಕಟ್ಟಿದರು. ಇಬ್ಬರೂ ಇಂಜಿನಿಯರುಗಳಲ್ಲ. ಕೋರ್ಟಿಗೂ ಹೋದರು. ಮುಂದೆ ಹಳಿಗಳಿಗೆ ಗುರುತು ಹಾಕಿ ಕಿತ್ತು, ತಳ ರಿಪೇರಿ ಮಾಡಿ, ಬಹಳಷ್ಟನ್ನು ಇದ್ದಲ್ಲೇ ಗಿಡಗಳ ನಡುವೆ ಮತ್ತೆ ಕೂರಿಸಿದರು. 2009ರಲ್ಲಿ ಮೊದಲ ಭಾಗ ತೆರೆಯಿತು. ಈಗ ಒಟ್ಟು ಸುಮಾರು 2.3 ಕಿಲೋಮೀಟರ್. ನಡುವೆ ಒಂದೇ ಒಂದು ತುಂಡು ಮಾರಿದ್ದರೂ ಈ ನಡಿಗೆ ಇರುತ್ತಿರಲಿಲ್ಲ, ಗಮನಿಸಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಪ್ಯಾರಿಸಿನವರು ಇದನ್ನು 1993ರಲ್ಲೇ ಮಾಡಿ ತೋರಿಸಿದ್ದರು, ಹಳೇ ರೈಲು ಸೇತುವೆಯ ಕಮಾನುಗಳ ಕೆಳಗೆ ಕುಶಲಕರ್ಮಿಗಳಿಗೆ ಅಂಗಡಿ ಬೇರೆ ಕೊಟ್ಟರು. ಸಿಂಗಪುರದಲ್ಲಿ 2011ರಲ್ಲಿ ರೈಲು ನಿಂತ 24 ಕಿಲೋಮೀಟರ್ ಮಾರ್ಗದ ಜಾಗ ತುಂಡಾಗದೆ ನಡಿಗೆ ದಾರಿಯಾಗಿ ಉಳಿದಿದೆ. "ಇಂಥ ಪಾರ್ಕಿಗೆ ಯಾರ್ರೀ ಬರ್ತಾರೆ?" ಅಂತ ಇನ್ನೂ ಕೇಳುವವರಿದ್ದಾರೆ, ಅವರಿಗೆ ಏನು ಹೇಳಲಿ! ಹಾಂ, ಪಾರ್ಕ್ ಬಂದರೆ ಸುತ್ತಲಿನ ಬಾಡಿಗೆ ಏರುತ್ತದೆ. ಬಡವರ ಮನೆ ಉಳಿಸುವ ಲೆಕ್ಕ ಮೊದಲೇ ಹಾಕಿ. ಹಳೇ ಮಾರ್ಗದ ಮಣ್ಣಿನಲ್ಲಿ ಎಣ್ಣೆ, ಕಳೆನಾಶಕ ಇಂಗಿರುತ್ತದೆ, ಪರೀಕ್ಷೆ ಮಾಡಿಸಿ. ಬೆಂಚು, ದೀಪ, ಹೂಗಿಡ ಹತ್ತು ವರ್ಷ ಬಿಟ್ಟು ಬಂದರೂ ನಡೆದೀತು. ಈಗ ಸರ್ವೆ ಮಾಡಿಸಿ, ಇಡೀ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಖಾತೆಗೆ ಹಾಕಿಸಿ. ನಮಸ್ಕಾರ.