ನೇರಳಾತೀತದಲ್ಲಿ ಸಿಕ್ಕ ಜೊತೆಗಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಧ್ರುವ ನಕ್ಷತ್ರದ ದಿಕ್ಕಿಗೆ, ಬರಿಗಣ್ಣಿಗೆ ಕಾಣದಷ್ಟು ಮಂಕಾದ ಒಂದು ನಕ್ಷತ್ರಗುಚ್ಛವಿದೆ. ಖಗೋಳ ಪಟ್ಟಿಯಲ್ಲಿ ಅದರ ಹೆಸರು ಎನ್‌ಜಿಸಿ 188. ಒಟ್ಟಿಗೆ ಹುಟ್ಟಿದ ಆ ನಕ್ಷತ್ರಗಳಿಗೆ ಈಗ ಸುಮಾರು 700 ಕೋಟಿ ವರ್ಷ. ನಕ್ಷತ್ರಗಳಲ್ಲಿ ದೊಡ್ಡವು ಬೇಗ ಉರಿದು ತೀರುತ್ತವೆ, ಚಿಕ್ಕವು ನಿಧಾನವಾಗಿ ಬಾಳುತ್ತವೆ. ಇಷ್ಟು ಹಳೆಯ ಗುಚ್ಛದಲ್ಲಿ ದೊಡ್ಡ, ನೀಲಿ ಛಾಯೆಯ ನಕ್ಷತ್ರಗಳು ಎಂದೋ ಮುಗಿದುಹೋಗಿರಬೇಕಿತ್ತು. ಆದರೂ ಕೆಲವು ಅಲ್ಲಿ ಉಳಿದಿವೆ. ಬ್ಲೂ ಸ್ಟ್ರ್ಯಾಗ್ಲರ್ ಎಂದು ಕರೆಯಲಾಗುವ ಈ ನಕ್ಷತ್ರಗಳು, ಓರಗೆಯವೆಲ್ಲ ಮುದಿಯಾದ ಮೇಲೂ ಎಳೆಯವಾಗಿಯೇ ಕಾಣುವುದೇಕೆ?

ಜೊತೆಗಾರ ನಕ್ಷತ್ರವೊಂದರಿಂದ ಅನಿಲವನ್ನು ಸೆಳೆದುಕೊಂಡು ಹೊಸ ಆಯುಸ್ಸು ಪಡೆದಿರಬಹುದು ಎಂಬ ವಾದ ಬಹಳ ಹಿಂದಿನದು. ಹಾಗಿದ್ದರೆ ಎಲ್ಲವನ್ನೂ ಕೊಟ್ಟು ಬರಿದಾದ ಆ ಜೊತೆಗಾರ ಎಲ್ಲಿ? ಹೊರಗಿನ ಪದರಗಳು ಕಳಚಿ ಬಿಸಿ ತಿರುಳು ಮಾತ್ರ ಉಳಿದ ನಕ್ಷತ್ರ ಕಣ್ಣಿಗೆ ಕಾಣುವ ಬೆಳಕನ್ನು ಸೂಸುವುದು ಕಡಿಮೆ. ಪಕ್ಕದ ನಕ್ಷತ್ರದ ಪ್ರಭೆಯಲ್ಲಿ ಅದು ಮುಳುಗಿಹೋಗುತ್ತದೆ. ಅದನ್ನು ಹಿಡಿಯಬೇಕಾದರೆ ನೇರಳಾತೀತ ಬೆಳಕಿನಲ್ಲಿಯೇ ನೋಡಬೇಕು.

ಕಾರಣ ಸರಳ. ವಸ್ತು ಬಿಸಿಯಾದಷ್ಟೂ ಅದರ ಬೆಳಕು ಕಿರಿದಾದ ತರಂಗಗಳ ಕಡೆಗೆ ಸರಿಯುತ್ತದೆ. ಸುಮಾರು 5,800 ಕೆಲ್ವಿನ್ ಉಷ್ಣತೆಯ ನಮ್ಮ ಸೂರ್ಯ 500 ನ್ಯಾನೊಮೀಟರ್‌ನ ಆಸುಪಾಸಿನಲ್ಲಿ ಅತಿ ಹೆಚ್ಚು ಬೆಳಗುತ್ತಾನೆ. 20,000 ಕೆಲ್ವಿನ್ ನಕ್ಷತ್ರಕ್ಕೆ ಆ ಶಿಖರ 145 ನ್ಯಾನೊಮೀಟರ್‌ನಲ್ಲಿದೆ. ಆ ಬೆಳಕು ನೆಲ ಮುಟ್ಟುವುದೇ ಇಲ್ಲ. 300 ನ್ಯಾನೊಮೀಟರ್‌ಗಿಂತ ಕಿರಿದಾದುದನ್ನು ಓಜೋನ್ ಹೀರಿಕೊಳ್ಳುತ್ತದೆ, ಇನ್ನೂ ಕಿರಿದಾದುದನ್ನು ಆಮ್ಲಜನಕ ತಡೆಯುತ್ತದೆ. ನಾವು ಬದುಕಿರುವುದು ಈ ತಡೆಯಿಂದಲೇ. ಆದರೆ ಖಗೋಳ ವಿಜ್ಞಾನಿ ಮಾತ್ರ ತನ್ನ ದೂರದರ್ಶಕವನ್ನು ವಾಯುಮಂಡಲದಾಚೆಗೆ ಕಳುಹಿಸಲೇಬೇಕು.

ಭಾರತ ಹಾಗೆ ಕಳುಹಿಸಿದ್ದು 2015ರ ಸೆಪ್ಟೆಂಬರ್ 28ರಂದು. ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ಹೊತ್ತೊಯ್ದ ಆಸ್ಟ್ರೋಸ್ಯಾಟ್ ಉಪಗ್ರಹ 650 ಕಿಲೋಮೀಟರ್ ಎತ್ತರದ ಕಕ್ಷೆ ಸೇರಿತು. ಎಕ್ಸ್-ರೇ ಉಪಕರಣಗಳ ಜೊತೆಗೆ ಅದರಲ್ಲಿ ಯುವಿಐಟಿ ಎಂಬ ಅವಳಿ ದೂರದರ್ಶಕವಿತ್ತು. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ, ಕೆನಡಾದ ಬಾಹ್ಯಾಕಾಶ ಸಂಸ್ಥೆಯೂ ಕೈಜೋಡಿಸಿದ ಈ ಉಪಕರಣವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ. ಪ್ರತಿ ಕನ್ನಡಿಯ ಅಗಲ ಸುಮಾರು 38 ಸೆಂಟಿಮೀಟರ್, ಅಷ್ಟೇ.

ಇದರ ಕೆಲಸದಲ್ಲಿ ನನ್ನನ್ನು ಬಹಳವಾಗಿ ಹಿಡಿದಿಡುವುದು ಶುಚಿತ್ವದ ವಿಷಯ. ಅಂಟು, ಪ್ಲಾಸ್ಟಿಕ್, ಎಣ್ಣೆಗಳಿಂದ ಹೊಮ್ಮುವ ಆವಿಯ ಅಣುಗಳು ಕನ್ನಡಿಯ ಮೇಲೆ ಕೂತರೆ, ನೇರಳಾತೀತ ಬೆಳಕೇ ಅವನ್ನು ಬೇಯಿಸಿ ಗಟ್ಟಿ ಪೊರೆಯನ್ನಾಗಿ ಮಾಡುತ್ತದೆ. ಸಾಮಾನ್ಯ ಬೆಳಕಿಗೆ ಲೆಕ್ಕಕ್ಕೇ ಬಾರದ ಆ ಪೊರೆ ನೇರಳಾತೀತಕ್ಕೆ ಮುಚ್ಚಿದ ಪರದೆ. ಆದ್ದರಿಂದ ಉಡಾವಣೆಯಾದ ಮೇಲೂ ದೂರದರ್ಶಕದ ಬಾಗಿಲುಗಳನ್ನು ಎರಡು ತಿಂಗಳು ತೆರೆಯಲಿಲ್ಲ. ಉಪಗ್ರಹದಿಂದ ಹೊಮ್ಮುವ ಆವಿಯೆಲ್ಲ ಶೂನ್ಯದಲ್ಲಿ ಚದುರಿಹೋಗಲಿ ಎಂದು ಕಾದರು. ನವೆಂಬರ್ 30ರಂದು ಬಾಗಿಲು ತೆರೆದಾಗ ಮೊದಲು ನೋಡಿದ್ದು ಅದೇ ಎನ್‌ಜಿಸಿ 188 ಗುಚ್ಛವನ್ನು. ಧ್ರುವದ ಬಳಿಯ ಈ ಗುಚ್ಛ ವರ್ಷವಿಡೀ ವೀಕ್ಷಣೆಗೆ ಸಿಗುತ್ತದೆ.

ಬೆಳಕು ಇಲ್ಲಿ ಧಾರೆಯಾಗಿ ಬರುವುದಿಲ್ಲ, ಒಂದೊಂದೇ ಫೋಟಾನ್ ಆಗಿ ಬೀಳುತ್ತದೆ. ಬಿದ್ದ ಫೋಟಾನ್ ಒಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ, ಸೂಕ್ಷ್ಮ ಕೊಳವೆಗಳ ತಟ್ಟೆಯಲ್ಲಿ ಆ ಎಲೆಕ್ಟ್ರಾನ್ ಲಕ್ಷಗಟ್ಟಲೆಯಾಗಿ ಹೆಚ್ಚಿ ಒಂದು ಮಿಂಚಿನ ಚುಕ್ಕೆ ಮೂಡಿಸುತ್ತದೆ. ಸೆಕೆಂಡಿಗೆ ಸುಮಾರು 29 ಚಿತ್ರಗಳ ವೇಗದಲ್ಲಿ ಆ ಚುಕ್ಕೆಗಳ ಜಾಗ ಮತ್ತು ಹೊತ್ತು ದಾಖಲಾಗುತ್ತವೆ. ಉಪಗ್ರಹ ಅತ್ತಿತ್ತ ಓಲಾಡಿದರೂ ಚಿಂತೆಯಿಲ್ಲ. ಎಷ್ಟು ಓಲಾಡಿತೆಂಬುದನ್ನು ಮಾಮೂಲಿ ಬೆಳಕಿನಲ್ಲಿ ಅಳೆದು, ಪ್ರತಿ ಫೋಟಾನನ್ನೂ ಆಮೇಲೆ ಸರಿಯಾದ ಜಾಗಕ್ಕೆ ಸರಿಸುತ್ತಾರೆ. ಹೀಗೆ ಕಟ್ಟಿದ ಚಿತ್ರ, ಇದಕ್ಕಿಂತ ದೊಡ್ಡ ಕನ್ನಡಿಯಿದ್ದ ಅಮೆರಿಕದ ಗ್ಯಾಲೆಕ್ಸ್ ದೂರದರ್ಶಕದ ಚಿತ್ರಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟ.

ಆ ಸ್ಪಷ್ಟತೆಯಲ್ಲಿಯೇ ಜೊತೆಗಾರ ಸಿಕ್ಕಿಬಿದ್ದ. ಗುಚ್ಛದ ಒಂದು ಬ್ಲೂ ಸ್ಟ್ರ್ಯಾಗ್ಲರ್‌ನ ಉಷ್ಣತೆ ಸುಮಾರು 6,000 ಕೆಲ್ವಿನ್. ಅಷ್ಟು ಬಿಸಿಯ ನಕ್ಷತ್ರ ಸೂಸಬಹುದಾದ ನೇರಳಾತೀತಕ್ಕಿಂತ ಬಹಳ ಹೆಚ್ಚು ಬೆಳಕು ಅಲ್ಲಿಂದ ಬರುತ್ತಿತ್ತು. ಲೆಕ್ಕ ಹಾಕಿದಾಗ ಸುಮಾರು 17,000 ಕೆಲ್ವಿನ್ ಉಷ್ಣತೆಯ ಇನ್ನೊಂದು ನಕ್ಷತ್ರ ಪಕ್ಕದಲ್ಲಿರುವುದು ತಿಳಿಯಿತು. ಖಗೋಳ ವಿಜ್ಞಾನಿ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು 2016ರಲ್ಲಿ ಇದನ್ನು ಪ್ರಕಟಿಸಿದರು. ಕೊಟ್ಟವನು, ಪಡೆದವನು ಇಬ್ಬರೂ ಒಂದೇ ಚುಕ್ಕೆಯೊಳಗಿದ್ದರು. ಹಳೆಯ ವಾದಕ್ಕೆ ಬಲವಾದ ಸಾಕ್ಷಿ ದೊರಕಿತು.

ಅದೇ ದೂರದರ್ಶಕ 2016ರ ಅಕ್ಟೋಬರಿನಲ್ಲಿ ಆಕಾಶದ ಒಂದು ಚಿಕ್ಕ ತುಣುಕನ್ನು 28 ಗಂಟೆಗೂ ಮೀರಿ ದಿಟ್ಟಿಸಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ಬೆಳಕು ಅದಕ್ಕೆ ಸಿಕ್ಕಿತು. ಹೊರಟಾಗ ಆ ಬೆಳಕಿನ ತರಂಗ ಸುಮಾರು 60 ನ್ಯಾನೊಮೀಟರ್. ದಾರಿಯುದ್ದಕ್ಕೂ ವಿಶ್ವ ಹಿಗ್ಗುತ್ತಿದ್ದುದರಿಂದ ಅದೂ ಹಿಗ್ಗಿ, ನಮ್ಮ ಉಪಕರಣ ಗ್ರಹಿಸಬಲ್ಲ ಮಿತಿಯೊಳಗೆ ಬಂದು ಮುಟ್ಟಿತು. ಇಂಥ ಉಗ್ರ ಬೆಳಕು ತನ್ನ ಗೆಲಾಕ್ಸಿಯ ಹೈಡ್ರೋಜನ್ನನ್ನು ದಾಟಿ ಹೊರಬರುವುದು ಅಪರೂಪ. ಎಳೆಯ ವಿಶ್ವವನ್ನು ತುಂಬಿದ್ದ ಹೈಡ್ರೋಜನ್ ಅನಿಲದ ಮಬ್ಬು ಹರಿದದ್ದು ಹೇಗೆಂದು ತಿಳಿಯಲು ಇಂತಹ ಸೋರಿಕೆಗಳೇ ಸುಳಿವು.

ಯುವಿಐಟಿಯ ಒಂದು ನೇರಳಾತೀತ ಕಣ್ಣು, 200ರಿಂದ 300 ನ್ಯಾನೊಮೀಟರ್ ನೋಡುತ್ತಿದ್ದದ್ದು, 2018ರಲ್ಲಿ ನಿಂತುಹೋಯಿತು. ಐದು ವರ್ಷಕ್ಕೆಂದು ಮಾಡಿದ ಉಪಗ್ರಹ ಹತ್ತು ವರ್ಷ ಪೂರೈಸಿದೆ. ಹಬಲ್ 1990ರಿಂದ ಮೇಲಿದೆ, ಅದಕ್ಕೂ ವಯಸ್ಸಾಗಿದೆ. ಹೆಸರಾಂತ ಜೇಮ್ಸ್ ವೆಬ್ ದೂರದರ್ಶಕಕ್ಕೆ ನೇರಳಾತೀತ ಕಾಣುವುದೇ ಇಲ್ಲ. ಒಂದು ಮೀಟರ್ ಅಗಲದ ಕನ್ನಡಿಯ ಇನ್‌ಸಿಸ್ಟ್ ಎಂಬ ದೂರದರ್ಶಕದ ಪ್ರಸ್ತಾವವನ್ನು ನಮ್ಮ ವಿಜ್ಞಾನಿಗಳು ಮುಂದಿಟ್ಟಿದ್ದಾರೆ. 38 ಸೆಂಟಿಮೀಟರ್ ಕನ್ನಡಿಯಿಂದ ಇಷ್ಟನ್ನು ಕಂಡವರಿಗೆ ಆ ಒಂದು ಮೀಟರ್ ಸಿಗಲೇಬೇಕು, ಅದೂ ಬೇಗ ಸಿಗಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಮಸ್ಕಾರ.