ದನ ದಿಢೀರನೆ ಸತ್ತಾಗ ಮೊದಲು ನೋಡಬೇಕಾದ್ದು

ಕೇಳುಗರಿಗೆ ನಮಸ್ಕಾರ. ಪುಣೆಯ ಹಡಪಸರ, ಮಾಂಜರಿ, ಲೋಣಿ ಕಡೆ ಆಕಳು-ಎಮ್ಮೆ ಕಟ್ಟಿಕೊಂಡು ಹಾಲು ಹಾಕುವ ನಮ್ಮ ಕನ್ನಡದ ಮಂದಿಗಾಗಿ ಇವತ್ತಿನ ಮಾತು. ಸಂಜೆ ಹಾಲು ಕೊಟ್ಟ ಆಕಳು ಬೆಳಗಾಗುವಷ್ಟರಲ್ಲಿ ಗೋಠಾದಲ್ಲಿ, ಅಂದರೆ ಕೊಟ್ಟಿಗೆಯಲ್ಲಿ, ಸತ್ತು ಬಿದ್ದಿದ್ದರೆ, ಹಾವು ಕಚ್ಚಿರಬೇಕು ಅನ್ನುತ್ತೇವೆ, ಇಲ್ಲವೇ ಆಗದವರು ವಿಷ ಹಾಕಿದರು ಅನ್ನುತ್ತೇವೆ. ಎರಡೂ ಇಲ್ಲದ್ದಲ್ಲ. ಆದರೆ ನೆರೆಯವರ ಮೇಲೆ ಹರಿಹಾಯುವ ಮುಂಚೆ ಗೋದಲಿಯಲ್ಲಿ ಉಳಿದ ಮೇವನ್ನು ಒಮ್ಮೆ ನೋಡಿ.

ಅದಕ್ಕೂ ಮೊದಲು ಒಂದು ಕೆಲಸ. ಹೆಣ ಮುಟ್ಟದೆ, ದೂರ ನಿಂತು ಮೂಗು, ಬಾಯಿ, ಗುದದ್ವಾರ ನೋಡಿ. ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದೆಯೇ? ಹೊಟ್ಟೆ ಬೇಗ ಉಬ್ಬಿದ್ದರೂ ಕಾಲು ಸರಿಯಾಗಿ ಸೆಟೆದಿಲ್ಲವೇ? ಹಾಗಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿರಬಹುದು. ಇಲ್ಲಿನ ರೈತರು ಇದನ್ನೇ ಫಾಶಿ ಅನ್ನುತ್ತಾರೆ. ಇಂಥ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ನೆಲದ ಮೇಲೆ ಎಳೆದೊಯ್ಯಬಾರದು. ಕೊಯ್ಯದ ಹೆಣ ಕೊಳೆಯುವಾಗ ಒಳಗಿನ ರೋಗಾಣು ಬಹುಪಾಲು ತಾನೇ ಸಾಯುತ್ತದೆ. ಕೊಯ್ದು ಗಾಳಿ ಸೋಕಿಸಿದಿರೋ, ಗಟ್ಟಿ ಕವಚದ ಬೀಜಾಣುವಾಗಿ ಅದೇ ಮಣ್ಣಿನಲ್ಲಿ ದಶಕಗಟ್ಟಲೆ ಕೂರುತ್ತದೆ. ಕೈಮೇಲಿನ ಸಣ್ಣ ಗಾಯದಿಂದ ಮನುಷ್ಯರಿಗೂ ಹತ್ತುತ್ತದೆ. ಕೆಲವೊಮ್ಮೆ ರಕ್ತ ಸೋರದೆಯೂ ಈ ರೋಗ ಇರುತ್ತದೆ. ಅದಕ್ಕೇ ಕಾರಣ ತಿಳಿಯದ ಯಾವ ದಿಢೀರ್ ಸಾವಿನಲ್ಲೂ ವೈದ್ಯರು ಮೊದಲು ಕಿವಿಯ ನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರಿ ನೋಡುತ್ತಾರೆ, ಹೆಣ ಕೊಯ್ಯುವ ಮಾತು ಆಮೇಲೆ. ಹೂಳುವುದಾದರೆ ಆರು ಅಡಿ ಆಳ ಬೇಕು.

ಈಗ ಮೇವು. ಎಳೆಯ ಜೋಳ, ಮಳೆಯಿಲ್ಲದೆ ಬಾಡಿದ ಜೋಳ, ಕೊಯ್ದ ಮೇಲೆ ಒಡೆದ ಕೂಳೆ ಚಿಗುರು, ಈ ಮೂರರಲ್ಲೂ ಹೈಡ್ರೋಸಯನಿಕ್ ಆಮ್ಲ ಎಂಬ ವಿಷ ಹೆಚ್ಚು. ಹಸಿದ ದನ ಹೊಟ್ಟೆ ತುಂಬ ತಿಂದರೆ ಏದುಸಿರು ಬಿಟ್ಟು, ನಡುಗಿ, ಕೆಲವೇ ನಿಮಿಷಗಳಲ್ಲೂ ಬೀಳಬಹುದು. ಆಗ ರಕ್ತ ಕೆಂಪು ಕುಂಕುಮದಂತೆ ಇರುತ್ತದೆ, ಯಾಕೆಂದರೆ ರಕ್ತದಲ್ಲಿನ ಆಮ್ಲಜನಕವನ್ನು ಜೀವಕೋಶಗಳು ಬಳಸಲಾರವು. ಹೂ ಬಂದ ಮೇಲೆ ಕೊಯ್ಯಿರಿ, ಇಲ್ಲವೇ ಚೆನ್ನಾಗಿ ಒಣಗಿಸಿ ಕಣಕಿ ಮಾಡಿ ಹಾಕಿ. ಒಣಗಿದಾಗ ಈ ವಿಷ ಬಹಳ ಕಡಿಮೆಯಾಗುತ್ತದೆ.

ಇನ್ನೊಂದು ನೈಟ್ರೇಟ್ ವಿಷ. ಹೆಚ್ಚು ಯೂರಿಯಾ ಹಾಕಿದ, ಚರಂಡಿ ನೀರು ಹಾಯಿಸಿದ ಹಸಿ ಮೇವಿನಲ್ಲಿ ಇದು ಸೇರಿಕೊಂಡಿರುತ್ತದೆ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಒಣಗಿಸಿದರೂ ಇದು ಹೋಗುವುದಿಲ್ಲ, ಇಲ್ಲೇ ಅನೇಕರು ಮೋಸ ಹೋಗುವುದು. ಮದ್ದು ಕೂಡ ಬೇರೆ ಬೇರೆ. ಜೋಳದ ವಿಷಕ್ಕೆ ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್ ಚುಚ್ಚುತ್ತಾರೆ, ನೈಟ್ರೇಟ್‌ಗೆ ಮೆಥಿಲೀನ್ ಬ್ಲೂ. ನೈಟ್ರೇಟ್ ಹತ್ತಿದ ದನಕ್ಕೆ ನೈಟ್ರೈಟ್ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ. ಆದ್ದರಿಂದ ಏನು ತಿನ್ನಿಸಿದಿರಿ ಅನ್ನುವುದನ್ನು ನಾಚಿಕೆಪಟ್ಟು ವೈದ್ಯರಿಂದ ಮುಚ್ಚಿಡಬೇಡಿ.

ಪಿತೃಪಕ್ಷ ಮತ್ತು ಮದುವೆ ಹಂಗಾಮಿನಲ್ಲಿ ಪುಣ್ಯ ಬರುತ್ತದೆಂದು ಅನ್ನ, ಪೋಳಿ, ಪೂರಿಯನ್ನು ಬುಟ್ಟಿಗಟ್ಟಲೆ ಆಕಳ ಮುಂದೆ ಸುರಿಯುತ್ತಾರೆ. ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ, ಮೆಲುಕು ನಿಲ್ಲುತ್ತದೆ, ದನ ಒಂದೆರಡು ದಿನದಲ್ಲಿ ಸಾಯಬಹುದು. ಪುಣ್ಯ ಬೇಕಿದ್ದರೆ ಹುಲ್ಲು ಹಾಕಲಿ!

ಹೊಟ್ಟೆ ಉಬ್ಬರದಲ್ಲಿ ಎಡಭಾಗದ ಪಕ್ಕೆಯ ಹಿಂದಿನ ಕುಳಿ ಡೊಳ್ಳಿನಂತೆ ಬಿಗಿಯುತ್ತದೆ. ನೊರೆ ಉಬ್ಬರವಾದರೆ 250ರಿಂದ 500 ಮಿಲಿ ಅಡುಗೆ ಎಣ್ಣೆ ಕುಡಿಸಬಹುದು. ತಲೆ ಮೇಲೆತ್ತಿ, ನಾಲಿಗೆ ಹಿಡಿದು ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ದನ ಅದರಿಂದಲೇ ಸಾಯಬಹುದು. ದನ ನೆಲಕ್ಕೆ ಬಿದ್ದಿದ್ದರೆ ಎಣ್ಣೆ ಕುಡಿಸುತ್ತ ಕೂರಬೇಡಿ, ವೈದ್ಯರು ಟ್ರೋಕಾರ್ ಎಂಬ ಚೂಪು ಕೊಳವೆ ಚುಚ್ಚಿ ಗಾಳಿ ಬಿಡಬೇಕಾಗುತ್ತದೆ.

ಮಳೆಗಾಲದಲ್ಲಿ ಗಂಟಲು ಊದಿ ಉಸಿರುಗಟ್ಟಿಸುವ ಗಳಲೆ ರೋಗ, ಇಲ್ಲಿಯ ಘಟಸರ್ಪ, ಎಮ್ಮೆಗಳನ್ನು ಹೆಚ್ಚು ಬಲಿ ತೆಗೆದುಕೊಳ್ಳುತ್ತದೆ. ಲಸಿಕೆ ಮಳೆಗೆ ಮುಂಚೆಯೇ ಆಗಬೇಕು. ತಗಡಿನ ಗೋಠಾದಲ್ಲಿ ಒಂದೇ ಸಾಲಿನ ಎರಡು ಮೂರು ದನ ಒಟ್ಟಿಗೆ ಬಿದ್ದಿದ್ದರೆ ಅದು ಕರೆಂಟು ಹೊಡೆದದ್ದಿರಬಹುದು. ಮೇನ್ ಸ್ವಿಚ್ ಆರಿಸದೆ ಒಳಗೆ ಕಾಲಿಡಬೇಡಿ.

ವಿಷದ ಅನುಮಾನವಿದ್ದು, ನೆರಡಿ ಇಲ್ಲವೆಂದು ಖಚಿತವಾದ ಮೇಲೆ ವೈದ್ಯರು ಹೆಣ ಕೊಯ್ದು ಹೊಟ್ಟೆಯೊಳಗಿನ ಮೇವನ್ನು ಅರ್ಧ ಕಿಲೋದಷ್ಟು ಅಗಲ ಬಾಯಿಯ ಶುದ್ಧ ಬಾಟಲಿಗೆ ತುಂಬುತ್ತಾರೆ. ಅದನ್ನು ಮಂಜುಗಡ್ಡೆಯಲ್ಲಿಡಬೇಕು. ಗೋದಲಿಯ ಮೇವು ಬೇರೆ ಚೀಲದಲ್ಲಿರಲಿ. ಪುಣೆಯಲ್ಲಿ ಔಂಧ್‌ನ ಪ್ರಾಣಿ ರೋಗ ತಪಾಸಣಾ ವಿಭಾಗದಲ್ಲಿ ಇಂಥ ಮಾದರಿಗಳ ಪರೀಕ್ಷೆ ಆಗುತ್ತದೆ. ಪಶು ವೈದ್ಯಕೀಯ ವಾಹನಕ್ಕೆ 1962 ಒತ್ತಿ. ವಿಮೆ ಮಾಡಿಸಿದ ದನವಾದರೆ ಹೂಳುವ ಮುಂಚೆ ಕಂಪನಿಗೆ ತಿಳಿಸಿ, ಕಿವಿಯ ಬಿಲ್ಲೆ ಕಾಣುವಂತೆ ಫೋಟೋ ತೆಗೆದಿಡಿ. ಬಿಲ್ಲೆ ಇಲ್ಲದಿದ್ದರೆ ಪರಿಹಾರ ಕೈಗೆ ಬರುವುದು ಕಷ್ಟ. ನಮಸ್ಕಾರ.