ದೂರದ ದಾರಿಗೆ ಬೈಕಿನ ಸೀಟು

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಬೈಕಿನಲ್ಲೇ ದೂರ ಹೋಗುವವರು ಈಗ ಜಾಸ್ತಿ. ಮಂಗಳೂರಿನಿಂದ ಶಿರಾಡಿ ಹತ್ತಿ ಬೆಂಗಳೂರು ಮುಟ್ಟುವುದೆಂದರೆ ಸುಮಾರು 350 ಕಿಲೋಮೀಟರ್. ಉಡುಪಿಯಿಂದ ಆಗುಂಬೆ ಹತ್ತಿ ಶೃಂಗೇರಿ, ಹೊರನಾಡು ಮುಗಿಸಿ ಬರುವ ಗಂಡ ಹೆಂಡತಿಯರಿದ್ದಾರೆ. ಹೆದ್ದಾರಿ 66 ಹಿಡಿದು ಗೋವಾಕ್ಕೆ ಹೊರಡುವ ಹುಡುಗ ಹುಡುಗಿಯರಂತೂ ರಜೆ ಬಂದರೆ ಸಾಲುಸಾಲಾಗಿ ಕಾಣುತ್ತಾರೆ. ಇವರ ಹತ್ತಿರ ಎಂಜಿನ್ ಬಗ್ಗೆ ಕೇಳಿ, ಟಯರ್ ಬಗ್ಗೆ ಕೇಳಿ, ಚಹಾ ಆರುವ ತನಕ ಮಾತಾಡುತ್ತಾರೆ. ಸೀಟಿನ ಬಗ್ಗೆ ಕೇಳಿದರೆ ಮಾತ್ರ, “ನೂರು ಕಿಲೋಮೀಟರ್ ಆದ ಮೇಲೆ ಸ್ವಲ್ಪ ನೋಯ್ತದೆ, ಅದು ಇದ್ದದ್ದೇ ಅಲ್ವಾ” ಅಂತಾರೆ.

ಅದು ಇದ್ದದ್ದೇ ಅಲ್ಲ. ಇವತ್ತು ಅದನ್ನು ಹೇಳಬೇಕು ಅಂತಲೇ ಬಂದಿದ್ದೇನೆ.

ಕೂತಲ್ಲಿ ನೋವು ಶುರುವಾದರೆ ಸವಾರನಿಗೆ ರಸ್ತೆಯ ಮೇಲೆ ಗಮನ ಇರುವುದಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುತ್ತಾನೆ, ಎಲ್ಲಿ ನಿಲ್ಲಿಸಲಿ ಅಂತ ನೋಡುತ್ತಾನೆ. ಎದುರಿನಿಂದ ಟ್ಯಾಂಕರ್ ಬರುತ್ತಿರುತ್ತದೆ, ಪಕ್ಕದಲ್ಲಿ ಬಸ್ಸು ನುಗ್ಗುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಸೀಟಿನ ಸುಖ ಅಂದರೆ ಶೋಕಿಯಲ್ಲ, ಜೀವಕ್ಕೆ ಬೇಕಾದ್ದು.

ನೋವು ಎಲ್ಲಿಂದ ಬರುತ್ತದೆ? ನಾವು ಕೂತಾಗ ಮೈಭಾರದ ಹೆಚ್ಚು ಪಾಲು ಬೀಳುವುದು ಸೊಂಟದ ಕೆಳಗಿನ ಎರಡು ಮೂಳೆಗಳ ಮೇಲೆ. ಗಟ್ಟಿ ಬೆಂಚಿನ ಮೇಲೆ ಅಂಗೈ ಮೇಲೆ ಮಾಡಿ ಇಟ್ಟು ಅದರ ಮೇಲೆ ಕೂತರೆ ಆ ಮೂಳೆ ಕೈಗೇ ಸಿಗುತ್ತದೆ. ಭಾರವೆಲ್ಲ ಆ ಎರಡು ಚುಕ್ಕೆಯಲ್ಲಿ ನಿಂತರೆ ಅಲ್ಲಿನ ಸಣ್ಣ ರಕ್ತನಾಳಗಳು ಒತ್ತಿಹೋಗುತ್ತವೆ. ಮೊದಲು ಉರಿ, ಆಮೇಲೆ ಜೋಮು. ಒಳ್ಳೆಯ ಸೀಟು ಮಾಡುವುದು ಇಷ್ಟೇ. ಆ ಭಾರವನ್ನು ತೊಡೆಯ ಕಡೆಗೂ, ಅಂಡಿನ ಅಗಲಕ್ಕೂ ಹಂಚುತ್ತದೆ.

ಇಲ್ಲೇ ಬಹಳ ಜನ ದಾರಿ ತಪ್ಪುವುದು. ನೋಯುತ್ತದೆ ಅಂದ ತಕ್ಷಣ ಮೆತ್ತಗಿನ ಸೀಟು ಹುಡುಕುತ್ತಾರೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ ಖುಷಿಪಡುತ್ತಾರೆ. ಆ ಸೀಟು ಮೂಲ್ಕಿಯ ತನಕ ಚಂದವೇ ಇರುತ್ತದೆ. ಕುಂದಾಪುರ ಬರುವ ಹೊತ್ತಿಗೆ ಫೋಮ್ ಪೂರ್ತಿ ಅದುಮಿಹೋಗಿ ಮೂಳೆ ನೇರವಾಗಿ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತಿರುತ್ತದೆ. ಕೂತ ಕೂಡಲೇ ಸ್ವಲ್ಪ ಗಟ್ಟಿ ಅನ್ನಿಸುವ ಸೀಟೇ ದೂರಕ್ಕೆ ಒಳ್ಳೆಯದು. ಇದನ್ನು ನಂಬುವುದು ಕಷ್ಟ, ಗೊತ್ತು. ಮೂರು ಗಂಟೆ ಸವಾರಿಯ ನಂತರ ನೀವೇ ಒಪ್ಪುತ್ತೀರಿ.

ಫೋಮಿಗೆ ಎರಡು ಗುಣ ಇವೆ. ಅಂಗಡಿಯವರು 32 ಡೆನ್ಸಿಟಿ, 40 ಡೆನ್ಸಿಟಿ ಅಂತ ಹೇಳುವುದು ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ. ಅದು ಬಾಳಿಕೆಯ ಸಂಗತಿ. ಗಟ್ಟಿತನ ಬೇರೆ. ಒಂದೇ ಡೆನ್ಸಿಟಿಯಲ್ಲಿ ಮೆತ್ತಗಿನದೂ ಸಿಗುತ್ತದೆ, ಗಟ್ಟಿಯದೂ ಸಿಗುತ್ತದೆ. ಹಾಗಾಗಿ ಬರೀ ಸಂಖ್ಯೆ ಕೇಳಿ ಒಪ್ಪಬೇಡಿ. ಫೋಮಿನ ತುಂಡನ್ನು ನೆಲದ ಮೇಲೆ ಹಾಕಿಸಿ, ಅದರ ಮೇಲೆ ಹತ್ತು ನಿಮಿಷ ಕೂತು ನೋಡಿ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ, ಪರವಾಗಿಲ್ಲ. ದುಡ್ಡು ನಿಮ್ಮದು, ಸೊಂಟವೂ ನಿಮ್ಮದು.

ಸೀಟಿಗೆ ಕೈ ಹಾಕುವ ಮೊದಲು ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ನೋಡಿ. ಹೆಚ್ಚಿನ ಬೈಕಿನಲ್ಲಿ ಅದರ ಸ್ಪ್ರಿಂಗನ್ನು ಹಂತ ಹಂತವಾಗಿ ಬಿಗಿ ಮಾಡಬಹುದು. ಒಬ್ಬರೇ ಹೋಗುವಾಗಿನ ಹಂತದಲ್ಲೇ ಹಿಂದೆ ಒಬ್ಬರನ್ನು ಕೂರಿಸಿ, ಎರಡು ಬ್ಯಾಗ್ ಕಟ್ಟಿದರೆ ಸ್ಪ್ರಿಂಗ್ ಮೊದಲೇ ಕುಸಿದಿರುತ್ತದೆ. ಆಮೇಲೆ ಪ್ರತಿ ಹೊಂಡದ ಪೆಟ್ಟೂ ಬೆನ್ನಿಗೇ. ಟಯರಿನಲ್ಲಿ ಗಾಳಿ ಜಾಸ್ತಿ ಇದ್ದರೂ ಹಾಗೆಯೇ. ಇವೆರಡನ್ನು ಸರಿ ಮಾಡಿದ ಮೇಲೂ ನೋವು ಉಳಿದರೆ ಆಗ ಸೀಟಿನ ಕೆಲಸ.

ಈಗ ಅಗಲದ ಮಾತು. ಮನೆಯಲ್ಲಿ ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆ ಇರುತ್ತದಲ್ವಾ, ಅದರ ಒಂದು ತುಂಡು ಕತ್ತರಿಸಿ ಸಿಮೆಂಟಿನ ಮೆಟ್ಟಿಲ ಮೇಲೆ ಇಡಿ. ತೆಳು ಬಟ್ಟೆ ಉಟ್ಟು ಅದರ ಮೇಲೆ ಕೂತು, ಸ್ವಲ್ಪ ಮುಂದಕ್ಕೆ ಬಾಗಿ. ಎರಡು ನಿಮಿಷ ಬಿಟ್ಟು ಎದ್ದು, ಸೀಮೆಸುಣ್ಣವನ್ನು ಅಡ್ಡಡ್ಡ ಉಜ್ಜಿದರೆ ಎರಡು ಕುಳಿ ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳತೆ ತೆಗೆಯಿರಿ. ತುಂಬ ಜನರಿಗೆ ಅದು 10ರಿಂದ 14 ಸೆಂಟಿಮೀಟರ್ ಒಳಗೆ ಬರುತ್ತದೆ. ಹೆಂಗಸರಿಗೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಇನ್ನು ಬೈಕಿನ ಮೇಲೆ ನೀವು ಕೂರುವ ಜಾಗದಲ್ಲಿ ಸೀಟಿನ ಸಮತಟ್ಟಾದ ಭಾಗ ಎಷ್ಟಿದೆ ಅಂತ ಅಳೆಯಿರಿ. ನಿಮ್ಮ ಎರಡು ಮೂಳೆಗಳೂ ಆ ಸಮತಟ್ಟಿನ ಒಳಗೇ ಕೂರಬೇಕು. ಅಂಚಿನ ಇಳಿಜಾರಿನ ಮೇಲೆ ಕೂತರೆ ಯಾವ ಫೋಮ್ ಹಾಕಿದರೂ ನೋವು ಹೋಗುವುದಿಲ್ಲ.

ಹಾಗಂತ ಸೀಟನ್ನು ಸುಮ್ನೆ ಅಗಲ ಮಾಡಿದರೂ ಆಗುವುದಿಲ್ಲ. ಹಿಂದೆ ಅಗಲ ಬೇಕು, ಮುಂದೆ ಟ್ಯಾಂಕಿನ ಹತ್ತಿರ ಸಪೂರ ಇರಬೇಕು. ಇಲ್ಲದಿದ್ದರೆ ಕಾಲು ನೆಲಕ್ಕೆ ಸಿಗುವುದಿಲ್ಲ. ಎತ್ತರದ ಲೆಕ್ಕವೂ ಇದೆ. ಈಗಿನ ರಾಯಲ್ ಎನ್‌ಫೀಲ್ಡ್ ಬೈಕುಗಳಲ್ಲಿ ಕ್ಲಾಸಿಕ್ 350ರ ಸೀಟು 805 ಮಿಲಿಮೀಟರ್ ಎತ್ತರ, ಮೀಟಿಯರ್ 350ರದ್ದು 765. ಒಂದು ಇಂಚು ಫೋಮ್ ಏರಿಸಿದರೆ 25 ಮಿಲಿಮೀಟರ್ ಕೂಡುತ್ತದೆ. ಉದ್ದ ಕಾಲಿನವರಿಗೆ ಇದು ಲಾಭವೇ, ಮಂಡಿ ಮಡಚುವುದು ಕಡಿಮೆಯಾಗುತ್ತದೆ. ಗಿಡ್ಡ ಇರುವವರು ಮಾತ್ರ ಮಂಗಳೂರಿನ ನಂತೂರು ಸರ್ಕಲಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ತುದಿಗಾಲಲ್ಲಿ ನಿಲ್ಲಬೇಕಾಗುತ್ತದೆ. ಮಳೆಯಲ್ಲಿ ಅದು ಅಪಾಯ.

ಇನ್ನೊಂದು ಕಾಯಿಲೆ ಮುಂದಕ್ಕೆ ಜಾರುವುದು. ಎಷ್ಟೋ ಬೈಕುಗಳ ಸೀಟು ಟ್ಯಾಂಕಿನ ಕಡೆಗೆ ಇಳಿಜಾರು. ಬ್ರೇಕ್ ಹಿಡಿದಾಗಲೆಲ್ಲ ಜಾರಿ ಟ್ಯಾಂಕಿಗೆ ಒತ್ತಿಕೊಳ್ಳುತ್ತೇವೆ, ಭಾರ ಮೂಳೆ ಬಿಟ್ಟು ತೊಡೆಸಂದಿಗೆ ಬೀಳುತ್ತದೆ. ಆಗುಂಬೆಯ 14 ತಿರುವು ಇಳಿದು ಸೋಮೇಶ್ವರ ಮುಟ್ಟುವಾಗ ಇದರ ಕಷ್ಟ ಪೂರ್ತಿ ಗೊತ್ತಾಗುತ್ತದೆ. ಇದಕ್ಕೆ ಮೇಲೊಂದು ದಿಂಬು ಹಾಕಿದರೆ ಪ್ರಯೋಜನ ಇಲ್ಲ. ಮುಂದಿನ ಭಾಗದಲ್ಲಿ ಗಟ್ಟಿ ಫೋಮ್ ಕೂಡಿಸಿ ಸೀಟನ್ನು ಮಟ್ಟ ಮಾಡಿಸಬೇಕು.

ಈ ಕೆಲಸಕ್ಕೆ ದೂರ ಎಲ್ಲಿಗೂ ಹೋಗಬೇಕಿಲ್ಲ. ರಿಕ್ಷಾ, ಕಾರು, ಬಸ್ಸಿನ ಸೀಟು ಹೊಲಿಯುವ ಕುಶನ್ ಅಂಗಡಿಗಳು ನಮ್ಮ ಮಂಗಳೂರು, ಉಡುಪಿ ಎರಡೂ ಊರಿನಲ್ಲಿ ಇವೆ. ಕೈ ಪಳಗಿದವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಸೀಟು ಮಗುಚಿ ಹಾಕಿ ಸ್ಟೇಪಲ್ ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸುತ್ತಾರೆ. ನಮ್ಮ ಉಪ್ಪುಗಾಳಿಗೆ ಹಳೆಯ ಪಿನ್ನು ಕೆಂಪಗೆ ತುಕ್ಕು ಹಿಡಿದು ಅರ್ಧಕ್ಕೇ ಮುರಿಯುತ್ತದೆ. ರೆಕ್ಸಿನ್ ಬಿಚ್ಚಿದರೆ ಕೆಲವು ಸೀಟಿನ ಫೋಮ್ ಇನ್ನೂ ಒದ್ದೆ, ಮುಗ್ಗಲು ವಾಸನೆ. ನಿಮ್ಮನ್ನು ಬೈಕಿನ ಮೇಲೆ ಕೂರಿಸಿ, ಮೂಳೆ ಬರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಅಷ್ಟು ಜಾಗ ಕೊಯ್ದು ತೆಗೆದು, ಬೇರೆ ಗಟ್ಟಿತನದ ಫೋಮ್ ಕೂರಿಸುತ್ತಾರೆ. ಅಂಟು ಹಚ್ಚುವಾಗ ಒಂದು ಮಾತು ಹೇಳಿ. ಅಂಚಿಗೆ ಮಾತ್ರ ಹಚ್ಚಲಿ. ಮೂಳೆಯ ಕೆಳಗೆ ಪೂರ್ತಿ ಅಂಟು ಬಳಿದರೆ ಅದು ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಕೊನೆಗೆ ಮೇಲ್ಮೈಯನ್ನು ಉಜ್ಜಿ ಉಜ್ಜಿ ನಯ ಮಾಡುತ್ತಾರೆ. ಕೈಯಾಡಿಸಿದರೆ ಜೋಡಿಸಿದ ಗೆರೆ ಬೆರಳಿಗೆ ಸಿಗಬಾರದು. ಸಿಕ್ಕಿದರೆ ಇನ್ನೂ ಉಜ್ಜಲು ಹೇಳಿ.

ಮೆಮೊರಿ ಫೋಮ್ ಹಾಕಲೋ, ಜೆಲ್ ಹಾಕಲೋ ಅಂತ ತುಂಬ ಜನ ಕೇಳುತ್ತಾರೆ. ಮೆಮೊರಿ ಫೋಮ್ ಹುಟ್ಟಿದ್ದು 1966ರಲ್ಲಿ, ನಾಸಾದವರಿಗಾಗಿ, ವಿಮಾನದ ಸೀಟಿಗೆ. ಅದಕ್ಕೆ ಶಾಖ ತಾಗಿದರೆ ಮೆದುವಾಗುತ್ತದೆ, ಚಳಿಗೆ ಬಿಗಿಯುತ್ತದೆ. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಬೈಕಿನಲ್ಲಿ ಅದು ಕೂತ ಕೂಡಲೇ ತಳದ ತನಕ ಅದುಮಿಹೋಗುತ್ತದೆ. ಬರೀ ಅದನ್ನೇ ತುಂಬಿಸಬೇಡಿ. ಗಟ್ಟಿ ಫೋಮಿನ ಮೇಲೆ ತೆಳ್ಳಗೆ ಒಂದು ಪದರ ಇದ್ದರೆ ಸಾಕು. ಜೆಲ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಲ್ಪೆ ಬೀಚಿನಲ್ಲಿ ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ ಬಂದು ಕೂತರೆ ಚುರ್ರೆನ್ನುತ್ತದೆ. ಜೆಲ್ ಬೇಕೇ ಬೇಕು ಅನ್ನುವವರು ಅದರ ಮೇಲೊಂದು ಫೋಮ್ ಪದರ ಹಾಕಿಸಿ.

ಸೀಟು ಬಿಚ್ಚಿಸುವ ಮನಸ್ಸಿಲ್ಲದವರಿಗೆ ಗಾಳಿ ತುಂಬುವ ಕುಶನ್ ಇದೆ. ಪಟ್ಟಿಯಿಂದ ಸೀಟಿಗೆ ಕಟ್ಟುವುದು. ನನಗೆ ಇದರ ಮೇಲೆ ಒಳ್ಳೆಯ ಅಭಿಪ್ರಾಯ ಇದೆ. ಆದರೆ ಜನ ಇದನ್ನು ಬಲೂನಿನಂತೆ ಊದಿಸಿ, ಓಲಾಡುತ್ತದೆ ಅಂತ ದೂರುತ್ತಾರೆ. ಗಾಳಿ ತುಂಬಿ, ಮೇಲೆ ಕೂತು, ನಿಧಾನ ಬಿಡುತ್ತಾ ಬನ್ನಿ. ಮೂಳೆ ಸೀಟಿಗೆ ತಾಗಲು ಒಂದು ಬೆರಳು ಬಾಕಿ ಇರುವಾಗ ನಿಲ್ಲಿಸಿ. ಕೆಳಗೆ ಗಾಳಿ ಆಡುವುದರಿಂದ ಬೆವರೂ ಕಡಿಮೆ. ಬಲೆಯಂಥ ಕವರ್ ಕೂಡ ಸೆಕೆಗೆ ಒಳ್ಳೆಯದು, ಬೆಲೆಯೂ ಕಡಿಮೆ.

ಇನ್ನು ಮಳೆ. ಇದನ್ನು ನಮ್ಮೂರಿನವರಿಗೆ ಒತ್ತಿ ಹೇಳಬೇಕು. ಈಗ ಸೀಟಿನ ಮೇಲೆ ಚೌಕ ಚೌಕವಾಗಿ ಹೊಲಿಗೆ ಹಾಕಿಸುವ ಫ್ಯಾಶನ್ ಇದೆ. ನೋಡಲು ಚಂದ. ಆದರೆ ಪ್ರತಿ ಸೂಜಿತೂತೂ ನೀರಿಗೆ ಬಾಗಿಲು. ಜೂನ್ ತಿಂಗಳ ಒಂದು ಮಳೆಗೆ ಫೋಮ್ ನೀರು ಕುಡಿದರೆ ಆ ಕಾಲದಲ್ಲಿ ಒಣಗುವುದಿಲ್ಲ. ಕೂತಾಗಲೆಲ್ಲ ಪ್ಯಾಂಟು ಒದ್ದೆ, ಫೋಮೂ ಬೇಗ ಹಾಳು. ಕೂರುವ ಜಾಗದಲ್ಲಿ ಹೊಲಿಗೆಯೇ ಬೇಡ, ಹೊಲಿಗೆ ಬದಿಗೆ ಇರಲಿ. ರೆಕ್ಸಿನಿನ ಕೆಳಗೆ ಫೋಮಿಗೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಹೊದಿಸಲು ಹೇಳಿ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು ಅಂತ ಹಟ ಹಿಡಿಯಿರಿ. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ.

ಹಿಂದೆ ಕೂರುವವರನ್ನು ಮರೆಯುವುದು ನನಗೆ ತುಂಬ ಬೇಸರದ ಸಂಗತಿ. ಸವಾರ ತನ್ನ ಸೀಟಿಗೆ ಸಾವಿರಾರು ರೂಪಾಯಿ ಹಾಕುತ್ತಾನೆ, ಹಿಂದಿನವರಿಗೆ ಅದೇ ಹಳೆಯ ಸಪೂರ ಹಲಗೆ. ಅವರ ಕೈಯಲ್ಲಿ ಹ್ಯಾಂಡಲ್ ಇಲ್ಲ, ಹೊಂಡ ಬರುವುದು ಕಾಣುವುದಿಲ್ಲ, ಕೂತಿರುವುದು ಹಿಂದಿನ ಚಕ್ರದ ಮೇಲೆ. ಪೆಟ್ಟು ಹೆಚ್ಚು ಬೀಳುವುದು ಅವರಿಗೇ. ಕೊಲ್ಲೂರಿಗೆ ಹೊರಟ ಹೆಂಡತಿಯೋ ಅಮ್ಮನೋ ಬೈಂದೂರಿನಲ್ಲೇ “ಇನ್ನು ಬಸ್ಸಿನಲ್ಲಿ ಬರ್ತೇನೆ” ಅಂದರೆ ತಪ್ಪು ಅವರದಲ್ಲ. ಹಿಂದಿನ ಸೀಟನ್ನೂ ಅಗಲ ಮಾಡಿಸಿ, ಮಟ್ಟ ಮಾಡಿಸಿ. ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ, ಅವರ ಮೂಳೆಗೂ ಗುರುತು ಹಾಕಿಸಿ.

ಎಷ್ಟು ಒಳ್ಳೆಯ ಸೀಟಾದರೂ ಗಂಟೆಗೊಮ್ಮೆ ಇಳಿಯಲೇಬೇಕು. ರಸ್ತೆ ಖಾಲಿ ಇದ್ದಾಗ ಫುಟ್‌ರೆಸ್ಟಿನ ಮೇಲೆ ಅರೆ ನಿಮಿಷ ಎದ್ದು ನಿಂತರೂ ರಕ್ತ ಓಡುತ್ತದೆ. ಜೀನ್ಸಿನ ದಪ್ಪ ಹೊಲಿಗೆ ಸರಿಯಾಗಿ ಮೂಳೆಯ ಕೆಳಗೆ ಬರುತ್ತದೆ, ದೂರದ ದಾರಿಗೆ ಅದು ಬೇಡ. ಸೈಕಲ್ ಸವಾರರ ಪ್ಯಾಡ್ ಇರುವ ಚಡ್ಡಿ ಒಳಗೆ ಹಾಕಿಕೊಂಡರೆ ತುಂಬ ಆರಾಮ.

ಕೆಲಸವನ್ನು ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ದಿನಕ್ಕೆ ಮೊದಲೇ, ಒಣ ಹವೆ ಇರುವಾಗ ಮಾಡಿಸಿ. ಮೊದಲ ದಿನವೇ ರೆಕ್ಸಿನ್ ಹೊಲಿಸಬೇಡಿ. ಫೋಮಿನ ಮೇಲೆ ಹಳೆಯ ಕವರನ್ನೇ ನಾಲ್ಕು ಪಿನ್ನಿನಲ್ಲಿ ನಿಲ್ಲಿಸಿಕೊಂಡು ಹೊರಡಿ. ಮಂಗಳೂರಿನಿಂದ ಮರವಂತೆಗೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಪರೀಕ್ಷೆಗೆ ಹೇಳಿ ಮಾಡಿಸಿದ ದೂರ. ಹೋಗುವಾಗ ಅಲ್ಲ, ವಾಪಸು ಬರುವಾಗ ಬ್ರಹ್ಮಾವರ ದಾಟಿದ ಮೇಲೆ ಗಮನಿಸಿ. ಎಡಕ್ಕೆ ಒತ್ತುತ್ತದೋ, ಬಲಕ್ಕೋ, ತೊಡೆಯ ಅಂಚಿಗೋ, ಜಾರುತ್ತದೋ. ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ, ಅಷ್ಟು ಜಾಗ ಮತ್ತೆ ಉಜ್ಜಿಸಿ. ಎರಡನೇ ಸಲಕ್ಕೆ ಆಗದಿದ್ದರೆ ಮೂರನೇ ಸಲ ಹೋಗಿ. ಸರಿಯಾಯಿತು ಅನ್ನಿಸಿದ ದಿನ ಹೊಸ ರೆಕ್ಸಿನ್ ಹೊಲಿಸಿ.

ನಮಸ್ಕಾರ.